ಮಾತು ಇಳಿಸಿಕೊಂಡ ಮಧ್ಯಾಹ್ನ

ಹಸಿರು ಗೆರೆ ನಿಂತಿತೇ, ಇಲ್ಲ, ಹೊರಟಿತು, ಬಸವನಹುಳುವಿಗಾದರೂ ಇದಕ್ಕಿಂತ ಅವಸರವಿರುತ್ತದೆ, ಪರದೆಯ ಈ ಅಂಚಿನಿಂದ ಆ ಅಂಚಿಗೆ ತೆವಳಿ ತುಂಬಿಕೊಂಡು ಮಾಯವಾಗುತ್ತದೆ, ಅದರ ಕೆಳಗೆ ಇನ್ನೊಂದು ಗೆರೆ ಹುಟ್ಟುತ್ತದೆ, ಒಂದೊಂದು ಗೆರೆಯೂ ಗಂಡನ ಒಂದೊಂದು ವಿಡಿಯೋ, ಅವಳು ಗಲ್ಲಕ್ಕೆ ಕೈ ಕೊಟ್ಟು ನೋಡುತ್ತ ಕುಳಿತಿದ್ದಾಳೆ, ಕಿಟಕಿಯ ಕರ್ಟನ್ ಉಬ್ಬುತ್ತದೆ, ಇಳಿಯುತ್ತದೆ, ಕೋಣೆಯೇ ನಿದ್ದೆಯಲ್ಲಿ ಉಸಿರಾಡಿದ ಹಾಗೆ, ರೆಪ್ಪೆ ಎಳೆಯುತ್ತಿದೆ, ಮಲಗಬಾರದು, ಮಲಗಿದರೆ ಕೆಟ್ಟಿತು, ಇವತ್ತೇ ಎಲ್ಲ ಮನೆಯ ಕಂಪ್ಯೂಟರಿಗೆ ಇಳಿದಿರಬೇಕು, ನಾಳೆ ಆಸ್ಪತ್ರೆ, ನಾಳೆ ಅವನ ಗಂಟಲು ಕೊಯ್ಯುತ್ತಾರೆ — ಥೂ, ಎಂಥ ಮಾತು, ಆಪರೇಷನ್ ಅನ್ನಬೇಕು — ಧ್ವನಿಪೆಟ್ಟಿಗೆ ತೆಗೀಲೇಬೇಕಮ್ಮ, ಜೀವ ಉಳಿಯುತ್ತೆ, ಮಾತು ಉಳಿಯಲ್ಲ ಅಂದರು ಡಾಕ್ಟರು, ಆಮೇಲೆ ಅವನೊಬ್ಬನನ್ನೇ ಗಾಜಿನ ಬಾಗಿಲಿನಾಚೆ ಕೂರಿಸಿಕೊಂಡರು, ಇವಳು ಈಚೆ, ಗಾಜಿನಾಚೆ ಅವನ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಒಂದಕ್ಷರವೂ ಕೇಳಿಸಲಿಲ್ಲ.

ಬಾಯಿ ಅಂದರೆ ಅದು ಬಾಯಿ ಮಹಾರಾಯನದು! ಕತ್ತರಿಗಿಂತ ನಾಲಿಗೆಯೇ ಚುರುಕು ಎಂದು ಬೀದಿಯವರೆಲ್ಲ ಆಡಿಕೊಳ್ಳುತ್ತಾರೆ, ಅವನ ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತವರು ತಲೆ ಹಗುರ ಮಾಡಿಕೊಂಡು, ಕಿವಿ ಭಾರ ಮಾಡಿಕೊಂಡು ಏಳುತ್ತಾರೆ, ಇಷ್ಟು ಮಾತಾಡ್ತೀಯಲ್ಲ ಅಣ್ಣ, ಇದನ್ನೇ ವಿಡಿಯೋ ಮಾಡಿ ಹಾಕೋಣ ಅಂತ ಅವಳ ಮೈದುನ ಫೋನು ಹಿಡಿದು ನಿಂತ, ಅಲ್ಲಿಂದ ಶುರುವಾಯಿತು, ಅಳುವ ಮಗುವಿನ ತಲೆಗೂದಲು ತೆಗೆಯುವುದು ಹೇಗೆ, ನೋಡಿ ಸ್ವಾಮಿ, ಮೊದಲು ಮಗುವಿನ ಅಪ್ಪನ್ನ ಆಚೆ ಕಳಿಸಿ, ಅರ್ಧ ಅಳು ಅಲ್ಲಿಗೇ ನಿಲ್ಲುತ್ತೆ, ಎಂದು ಕನ್ನಡಿಯೊಳಗಿಂದಲೇ ಕಣ್ಣು ಹೊಡೆಯುತ್ತಾನೆ, ಊರೆಲ್ಲ ನಕ್ಕಿತು, ಅವಳೂ ನಕ್ಕಳು, ಆದರೆ ಅದಕ್ಕೂ ಮುಂಚೆ, ಮೊಟ್ಟಮೊದಲು ಮಾಡಿದ ವಿಡಿಯೋ ಎಲ್ಲಿ, ಅಂಗಡಿಯ ರೇಡಿಯೋದಲ್ಲಿ ಯಾರದೋ ಹಾಡು ಬರುತ್ತಿತ್ತಂತೆ, ಹಾಡಿನ ಹಕ್ಕು ಬೇರೆಯವರದೆಂದು ಆ ವಿಡಿಯೋ ತಾಣದವರು ಒಂದು ದಿನ ಹೇಳದೆ ಕೇಳದೆ ತೆಗೆದುಹಾಕಿದರು, ಅಲ್ಲೇ ಇರುತ್ತಲ್ಲ ಅತ್ತಿಗೆ, ಎಲ್ಲಿಗೆ ಓಡಿಹೋಗುತ್ತೆ ಅಂತಾನೆ ಮೈದುನ, ಓಡಿಹೋಯಿತಲ್ಲಪ್ಪ, ಪರರ ಮನೆ ಅಟ್ಟದ ಮೇಲಿಟ್ಟ ಪಾತ್ರೆಯನ್ನು ನಮ್ಮದು ಎಂದು ಹೇಗೆ ನಂಬುವುದು, ಅವನ ದನಿ ಈ ಮನೆಯಲ್ಲಿರಬೇಕು, ಈ ಮೇಜಿನ ಮೇಲೆ, ಧೂಳು ಒರೆಸುವಾಗ ಕೈಗೆ ಸಿಗುವ ಹಾಗೆ.

ಅದಕ್ಕೇ ಅವಳು ರಜೆ ಹಾಕಿ ಕುಳಿತಿದ್ದು, ಬೆಳಿಗ್ಗೆ ಮೈದುನ ಬಂದು ಇಳಿಸಿಕೊಳ್ಳುವ ಸಾಧನವೊಂದನ್ನು ಕಂಪ್ಯೂಟರಿಗೆ ಹಾಕಿಕೊಟ್ಟು ಹೋದ, ಯಾವ ಅಳತೆಯ ಚಿತ್ರ ಬೇಕೋ ಆರಿಸಿ ಗುಂಡಿ ಒತ್ತಿ ಅತ್ತಿಗೆ, ಉಳಿದದ್ದನ್ನ ಅದೇ ನೋಡ್ಕೊಳ್ಳುತ್ತೆ — ಆರಿಸುವುದನ್ನು ಅವಳಿಗೆ ಯಾರು ಹೇಳಿಕೊಡಬೇಕು, ಕನ್ನಡಕದಂಗಡಿಯಲ್ಲಿ ದಿನವಿಡೀ ಅದೇ ಕೆಲಸ, ಒಂದು ಗಾಜು ತೆಗೆದು ಇನ್ನೊಂದು ಇಟ್ಟು, ಈಗ ಚೆನ್ನಾಗಿದೆಯಾ, ಹೀಗೆ, ಇದೋ ಅದೋ, ಮಸುಕು ಅಂದರೆ ಅವಳಿಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ, ಮೇಲಿನ ಸಾಲುಗಳೆಲ್ಲ ಸಣ್ಣ ಮಸುಕು ಚಿತ್ರಗಳು, ಯಾರಿಗೆ ಬೇಕು, ಕಟ್ಟಕಡೆಯದು ಅತಿ ಸ್ಪಷ್ಟ, ಮೀಸೆಯ ಒಂದೊಂದು ಕೂದಲೂ ಎಣಿಸುವಷ್ಟು, ಅದನ್ನೇ ಒತ್ತಿದಳು, ಎಲ್ಲದಕ್ಕೂ ಅದನ್ನೇ, ಪಕ್ಕದಲ್ಲಿ ಅಡ್ಡಗೆರೆ ಎಳೆದ ಪುಟ್ಟ ಸ್ಪೀಕರಿನ ಚಿತ್ರವಿತ್ತು, ಹೌದಪ್ಪ, ಗೊತ್ತು, ಸದ್ದನ್ನು ನಾನೇ ತಾನೆ ನಿಲ್ಲಿಸಿರುವುದು ಅಂದುಕೊಂಡಳು, ಆಚೆ ಕೋಣೆಯಲ್ಲಿ ಅವನು ನಾಳೆಗೆ ಬ್ಯಾಗು ತುಂಬಿಕೊಳ್ಳುತ್ತಿದ್ದಾನೆ, ತನ್ನದೇ ದನಿ ಅವನ ಕಿವಿಗೆ ಬೀಳುವುದು ಬೇಡ, ಗಟ್ಟಿಮುಟ್ಟಾಗಿದ್ದ ಕಾಲದ ದನಿ, ಈಗಿನದು ಬಿರಿದ ಕೊಳಲು, ಗೊಗ್ಗರು, ಆದರೂ ಅವನದೇ, ಕರ್ಟನ್ ಉಬ್ಬುತ್ತದೆ, ಗೆರೆ ತೆವಳುತ್ತದೆ, ಅವಳು ತೂಕಡಿಸುತ್ತಾಳೆ, ತೂಕಡಿಕೆಯಲ್ಲೂ ಗಾಜು, ಗಾಜಿನಾಚೆ ಅವನ ಬಾಯಿ ತೆರೆಯುತ್ತದೆ, ಮುಚ್ಚುತ್ತದೆ.

ಥಟ್ಟನೆ ಎಚ್ಚರ, ಗೆರೆಗಳೆಲ್ಲ ಮುಗಿದು ಪರದೆ ಖಾಲಿ, ಒಂದೇ ಒಂದನ್ನು ನೋಡಿಬಿಡೋಣ, ಮೆಲ್ಲಗೆ, ಇರುವೆಗೆ ಕೇಳಿಸುವಷ್ಟು ಸದ್ದಿಟ್ಟು — ಒತ್ತಿದಳು, ಬಂದ, ಕನ್ನಡಿಯ ಮುಂದೆ ಬಿಳಿ ಬಟ್ಟೆ ಕೊಡವುತ್ತ, ಎಷ್ಟು ಸ್ಪಷ್ಟ, ಮುಂದಿನ ಹಲ್ಲಿನ ಮೊಂಡು ಕೂಡ ಕಾಣುತ್ತಿದೆ, ತುಟಿ ಆಡುತ್ತಿದೆ, ದನಿಯಿಲ್ಲ, ಸದ್ದು ಏರಿಸಿದಳು, ಇಲ್ಲ, ಪೂರ್ತಿ ಏರಿಸಿದಳು, ಇಲ್ಲ, ಇನ್ನೊಂದು ವಿಡಿಯೋ ತೆರೆದಳು, ಮತ್ತೊಂದು, ಎಲ್ಲದರಲ್ಲೂ ಅವನಿದ್ದಾನೆ, ನಗುತ್ತಾನೆ, ಕಣ್ಣು ಹೊಡೆಯುತ್ತಾನೆ, ಮೂಕ, ಅಯ್ಯೋ ನನ್ನ ಕರ್ಮವೇ, ಆ ಅಡ್ಡಗೆರೆ, ಅತಿ ಸ್ಪಷ್ಟವಾದದ್ದಕ್ಕೆ ಬರೀ ಚಿತ್ರ, ಮಾತಿರುವುದು ಆ ಸಣ್ಣ ಮಸುಕಿನವುಗಳಲ್ಲಿ, ಕಣ್ಣಿದ್ದೂ ಕುರುಡಿ, ಊರವರ ಕಣ್ಣಿಗೆ ಗಾಜು ಕೂರಿಸುವವಳು ಕಿವಿಯನ್ನೇ ಮರೆತಳು, ಇರು, ಗಾಬರಿ ಬೇಡ, ಮತ್ತೆ ಇಳಿಸಿಕೊಂಡರಾಯಿತು, ಮಸುಕೇ ಇರಲಿ, ಮಸುಕೇ ಬರಲಿ, ಮೌಸ್ ಹಿಡಿದು ಆ ಪಟ್ಟಿಯನ್ನು ಹುಡುಕುತ್ತಾಳೆ, ಪರದೆಯ ಮೇಲೆ ಅವನ ತುಟಿ ಆಡುತ್ತಲೇ ಇದೆ, ಅಪ್ಪನ್ನ ಆಚೆ ಕಳಿಸಿ ಅನ್ನುತ್ತಿದ್ದಾನೆ, ತುಟಿ ನೋಡಿಯೇ ಗೊತ್ತಾಗುತ್ತದೆ ಅವಳಿಗೆ, ನೋಡಿ ಸ್ವಾಮಿ, ನೋಡಿ ಅಣ್ಣ, ನೋಡಿ ತಾಯಿ, ಕಂಡಕಂಡವರಿಗೆಲ್ಲ ನೋಡಿ ನೋಡಿ ಎಂದಿದ್ದಾನೆ, ಇಷ್ಟೊಂದು ವಿಡಿಯೋದಲ್ಲಿ ಒಂದರಲ್ಲಾದರೂ ನನ್ನನ್ನು ಕೂಗಿದ್ದಾನೆಯೇ, ಎಲ್ಲಿ ಕೂಗುತ್ತಾನೆ, ಅದು ಅಂಗಡಿ, ನಾನಿರುವುದು ಮನೆ —

ಏ ಮೆಣಸಿನಕಾಯಿ, ಎಲ್ಲಿದೀಯೇ.

ಆಚೆ ಕೋಣೆಯಿಂದ, ಗೊಗ್ಗರು ದನಿ, ಬಾಚಣಿಗೆ ಸಿಕ್ತಿಲ್ಲ ಕಣೇ, ಬಾ ಇಲ್ಲಿ, ಬಂದೆ ಎಂಬ ಮಾತು ನಾಲಿಗೆಯ ತುದಿಗೆ ಬಂತು, ಇಷ್ಟು ವರ್ಷ ಕೂಗಿದೊಡನೆ ಓಗೊಟ್ಟ ನಾಲಿಗೆ, ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು, ಓಗೊಟ್ಟರೆ ಸುಮ್ಮನಾಗಿಬಿಡುತ್ತಾನೆ, ಮೆಣಸಿನಕಾಯೀ, ಕಿವುಡಾಯ್ತೇನೇ, ನಡುಮನೆಯಲ್ಲಿ ಚಪ್ಪಲಿಯ ಸದ್ದು, ಹತ್ತಿರ ಬರುತ್ತಿದೆ, ಬರಬೇಡ, ಅಲ್ಲಿಂದಲೇ ಇನ್ನೊಂದು ಸಲ ಕೂಗು ಮಾರಾಯ, ಬೈದೇ ಕೂಗು, ಕಣ್ಣಲ್ಲಿ ನೀರು, ಕಣ್ಣೆದುರು ಬಾಯಿ, ತೆರೆಯುತ್ತದೆ, ಮುಚ್ಚುತ್ತದೆ, ತೆರೆಯುತ್ತದೆ