ಹತ್ತೊಂಬತ್ತು ಹಲ್ಲಿನ ಫಾರ್ವರ್ಡ್

ಫುಟ್‌ಬಾಲ್ ತಂಡದಲ್ಲಿ ಎಷ್ಟು ಜನ ಆಡುತ್ತಾರೆ ಎಂಬುದೂ ದಂತವೈದ್ಯೆಗೆ ಸರಿಯಾಗಿ ಗೊತ್ತಿರಲಿಲ್ಲ. ಹನ್ನೊಂದೋ ಹನ್ನೆರಡೋ ಇರಬೇಕು ಎಂದುಕೊಂಡಿದ್ದಳು. ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಕ್ಲಿನಿಕ್ಕು. ಮುಂದಿನ ಕೋಣೆಯಲ್ಲಿ ನಾಲ್ಕು ಕುರ್ಚಿ ಮತ್ತು ಒಂದು ಟೀವಿ, ಒಳಗೆ ಮೇಲೆ ಕೆಳಗೆ ಏರಿಳಿಯುವ ದೊಡ್ಡ ಕುರ್ಚಿ, ಅದರ ಹಿಂದೆ ಕಟ್ಟುಹಲ್ಲು ತಯಾರಿಸುವ ಇಕ್ಕಟ್ಟಾದ ಕೋಣೆ. ಗಂಡ ಸರಕು ಹಡಗಿನಲ್ಲಿ ಎಂಜಿನಿಯರ್, ವರ್ಷಕ್ಕೆರಡು ಸಲ ಮುಖ ತೋರಿಸುವವನು. ಹಾಗಾಗಿ ಮನೆಯಲ್ಲೂ ಕ್ಲಿನಿಕ್ಕಿನಲ್ಲೂ ಅತ್ತೆ ಸೊಸೆ ಇಬ್ಬರೇ.

ಫುಟ್‌ಬಾಲಿನ ಹುಚ್ಚು ಇದ್ದದ್ದು ಅತ್ತೆಗೆ. ಎಪ್ಪತ್ತೊಂದರ ಅತ್ತೆ ಮುಂದಿನ ಕೋಣೆಯಲ್ಲಿ ಕೂತು ರೋಗಿಗಳಿಗೆ ನಂಬರಿನ ಚೀಟಿ ಕೊಡುತ್ತಿದ್ದರು. ಕೆನ್ನೆ ಹಿಡಿದುಕೊಂಡು ಬಂದವರು ಎದುರು ಮಾತಾಡಲಾರರು ಎಂಬ ಧೈರ್ಯದ ಮೇಲೆ, ರಾಷ್ಟ್ರೀಯ ತಂಡದ ರಕ್ಷಣಾ ಸಾಲು ಯಾಕೆ ಕೆಟ್ಟು ಕೆರ ಹಿಡಿದಿದೆ ಎಂದು ವಿವರವಾಗಿ ಹೇಳುತ್ತಿದ್ದರು.

ಆ ವರ್ಷ ದೊಡ್ಡ ಟೂರ್ನಿ ಇತ್ತು. ಫುಟ್‌ಬಾಲ್ ಸಂಘ ಮೂವತ್ತೆಂಟು ಆಟಗಾರರನ್ನು ಶಿಬಿರಕ್ಕೆ ಕರೆಸಿತ್ತು. ಅವರಲ್ಲಿ ಇಪ್ಪತ್ತಾರು ಮಂದಿಯನ್ನು ಆರಿಸಬೇಕು. ಆರಿಸುವ ಮುಂಚೆ ಎಲ್ಲರ ಹೃದಯ, ಮಂಡಿ, ಕಣ್ಣು, ಹಲ್ಲು ತಪಾಸಣೆ ಆಗಬೇಕೆಂಬ ನಿಯಮ. ಕ್ರೀಡಾಂಗಣಕ್ಕೆ ತೀರಾ ಹತ್ತಿರದಲ್ಲಿದ್ದದ್ದು ಇವಳ ಕ್ಲಿನಿಕ್ಕಾದ್ದರಿಂದ ಹಲ್ಲಿನ ಕೆಲಸ ಇವಳ ಪಾಲಿಗೆ ಬಂತು. ಅತ್ತೆ ಆ ದಿನ ನಾಲ್ಕು ಚೀಟಿಗಳಿಗೆ ಒಂದೇ ನಂಬರು ಬರೆದರು.

ಕ್ರೀಡಾಂಗಣದ ಮೆಟ್ಟಿಲಿನ ಅಡಿಯಲ್ಲೊಂದು ಕೋಣೆ ಕೊಟ್ಟಿದ್ದರು. ಮೂರು ದಿನ ಮೂವತ್ತೆಂಟು ಬಾಯಿ ನೋಡಿದಳು. ಗೋಲ್‌ಕೀಪರುಗಳದೇ ದೊಡ್ಡ ತಾಪತ್ರಯ. ಕನ್ನಡಿ ಕಡ್ಡಿ ಬಾಯಿಯ ಹತ್ತಿರ ಹೋದ ಕೂಡಲೇ ಕೈ ಚಾಚಿ ಹಿಡಿದುಬಿಡುತ್ತಿದ್ದರು. ಎರಡು ವರ್ಷದಿಂದ ಎದುರಾಳಿಗಳ ನಿದ್ದೆಗೆಡಿಸಿದ್ದ ನಾಯಕ, ಇಂಜೆಕ್ಷನ್ ಇಲ್ಲ ಎಂದು ಬರೆದುಕೊಡಿ ಎಂದು ಹಟ ಹಿಡಿದ.

ಕೊನೆಗೆ ಬಂದವನು ಮೂವತ್ತೆಂಟು ವರ್ಷದ ಫಾರ್ವರ್ಡ್. ತಂಡದಲ್ಲಿ ಎಲ್ಲರಿಗಿಂತ ಹಿರಿಯನಾದ್ದರಿಂದ ಎಲ್ಲರೂ ಅವನನ್ನು ಚಿಕ್ಕಪ್ಪ ಎನ್ನುತ್ತಿದ್ದರು. ಅವನಿಗಿಂತ ಮೂವತ್ತಮೂರು ವರ್ಷ ದೊಡ್ಡವರಾದ ಅತ್ತೆ ಕೂಡ ಅವನನ್ನು ಚಿಕ್ಕಪ್ಪ ಎಂದೇ ಕರೆಯುತ್ತಿದ್ದರು. ಚಿಕ್ಕಪ್ಪನ ಬಾಯಲ್ಲಿ ಇದ್ದದ್ದು ಹತ್ತೊಂಬತ್ತು ಹಲ್ಲು. ಇಲ್ಲದ ಒಂದೊಂದು ಹಲ್ಲಿನ ಜಾಗಕ್ಕೂ ಅವನು ನಾಲಗೆ ಮುಟ್ಟಿಸಿ, ಇದು ಸೆಮಿಫೈನಲ್, ಇದು ಗೋಲ್ ಕಂಬ, ಇದು ನಮ್ಮವನದೇ ಮೊಣಕೈ ಎಂದು ಹೇಳಿದ. ಅವಳು ಹತ್ತೊಂಬತ್ತು ಎಂದು ಬರೆದುಕೊಂಡು, ಎಲ್ಲ ಕಾಗದಗಳನ್ನು ನೀಲಿ ಫೈಲಿಗೆ ಹಾಕಿ ಕಳಿಸಿ, ಅಲ್ಲಿಗೆ ಕೈ ತೊಳೆದುಕೊಂಡೆ ಎಂದುಕೊಂಡಳು.

ಎರಡು ವಾರದ ಮೇಲೆ ಸಂಘದ ಅಧ್ಯಕ್ಷರೇ ಫೋನ್ ಮಾಡಿ ಆಯ್ಕೆ ಸಮಿತಿಯ ಸಭೆಗೆ ಕರೆದರು. ಹೋಗಿ ನೋಡಿದರೆ ಉದ್ದನೆಯ ಮೇಜಿನ ಸುತ್ತ ಅಧ್ಯಕ್ಷರು, ಕೋಚ್, ಮೂವರು ಆಯ್ಕೆಗಾರರು. ಆ ಮೂವರು ಪರಸ್ಪರ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಹೃದಯದ ಡಾಕ್ಟರು ವರದಿಗಳನ್ನು ಕಪಾಟಿನಲ್ಲಿಟ್ಟು, ಬೀಗದ ಕೈ ಸಮೇತ ರಜೆ ಹಾಕಿದ್ದರು. ಮಂಡಿ ನೋಡುವ ಯಂತ್ರ ಕೆಟ್ಟಿತ್ತು. ಕಣ್ಣಿನ ವರದಿಯನ್ನು ಯಾರೋ ಎಲ್ಲಿಯೋ ಇಟ್ಟಿದ್ದರು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮೇಜಿನ ಮೇಲಿದ್ದದ್ದು ನೀಲಿ ಫೈಲೊಂದೇ.

ಇಬ್ಬರು ಲೆಫ್ಟ್ ಬ್ಯಾಕುಗಳಲ್ಲಿ ಯಾರು ಎಂದು ಅಧ್ಯಕ್ಷರು ಕೇಳಿದರು. ತನಗೆ ಆಟ ತಿಳಿಯದು, ಹಲ್ಲು ಮಾತ್ರ ಗೊತ್ತು ಎಂದಳು ಅವಳು. ಹಲ್ಲೇ ಹೇಳಿ ಎಂದರು. ಅವಳು ಕಾಗದ ತೆಗೆದು ಓದಿದಳು.

"ಇವರಿಗೆ ಎಡಗಡೆ ಸ್ವಲ್ಪ ಅಲುಗಾಡ್ತಿದೆ. ಒತ್ತಡ ಬಿದ್ರೆ ನಿಲ್ಲಲ್ಲ."

ಕೋಚ್ ಪೆನ್ನು ಕೆಳಗಿಟ್ಟ. "ಒಂದು ವರ್ಷದಿಂದ ನಾನು ಬಾಯಿ ಬಡ್ಕೊಳ್ತಿರೋದು ಇದನ್ನೇ," ಎಂದ.

ಆ ಲೆಫ್ಟ್ ಬ್ಯಾಕ್ ಹೋದ. ಮಿಡ್‌ಫೀಲ್ಡಿನವನೊಬ್ಬ ಹಲ್ಲು ಕಡಿಯುತ್ತಾನೆ ಎಂದು ಓದಿದಾಗ ಮೂವರೂ ಆಯ್ಕೆಗಾರರು ಒಟ್ಟಿಗೆ ತಲೆಯೆತ್ತಿದರು. ತಂಡಕ್ಕೆ ಬೇಕಾಗಿದ್ದ ರೋಷ ಅದೇ ಎಂದರು. ಅದು ರೋಷವಲ್ಲ, ನಿದ್ದೆಯಲ್ಲಿ ಕಡಿಯುವ ಕಾಯಿಲೆ ಎಂದು ಅವಳು ತಿದ್ದಿದಳು. "ನಿದ್ದೇಲೂ ಬಿಡಲ್ಲ ಅಂದ್ರೆ ನೋಡಿ," ಎಂದು ಒಬ್ಬ ಆಯ್ಕೆಗಾರ ಇನ್ನೊಬ್ಬನಿಗೆ ಹೇಳಿದ. ಎರಡು ವರ್ಷದಲ್ಲಿ ಅವರಿಬ್ಬರ ನಡುವೆ ಅದೇ ಮೊದಲ ಮಾತು. ಅವಳು ಬೇಡ ಬೇಡವೆಂದಷ್ಟೂ ಅವಳ ವಿನಯವನ್ನು ಹೊಗಳಿದರು. ಸಂಜೆಯೊಳಗೆ ಇಪ್ಪತ್ತೈದು ಜನರ ಆಯ್ಕೆ ಮುಗಿಯಿತು.

ಇಪ್ಪತ್ತಾರನೆಯ ಜಾಗಕ್ಕೆ ಉಳಿದವರು ಇಬ್ಬರು. ಒಬ್ಬ ಚಿಕ್ಕಪ್ಪ. ಇನ್ನೊಬ್ಬ ಈಗಷ್ಟೇ ಮೀಸೆ ಬಂದ ಹೊಸ ಫಾರ್ವರ್ಡ್, ಬಾಯಿ ತುಂಬ ಮುತ್ತು ಪೋಣಿಸಿದಂಥ ಹಲ್ಲಿನವನು. "ಮೂವತ್ತೆರಡು, ಹತ್ತೊಂಬತ್ತು," ಎಂದು ಅಧ್ಯಕ್ಷರು ಪಂದ್ಯದ ಫಲಿತಾಂಶ ಓದುವಂತೆ ಓದಿದರು. ಆಕ್ಷೇಪಣೆ ಇದ್ದರೆ ನಾಲ್ಕು ದಿನದೊಳಗೆ ಸಲ್ಲಿಸಬಹುದು ಎಂದು ಸೇರಿಸಿ ಎದ್ದರು.

ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ಅತ್ತೆ ಮಾತು ಬಿಟ್ಟರು. ಊಟಕ್ಕೆ ಬಡಿಸಿದರು, ಆದರೆ ತಟ್ಟೆಯನ್ನು ಕುಕ್ಕಿದರು. ಮರುದಿನ ಕ್ಲಿನಿಕ್ಕಿನಲ್ಲಿ ರೋಗಿಯ ಜೊತೆ ಒಳಗೆ ಬಂದ ಚೀಟಿಯಲ್ಲಿ ಹೀಗೆ ಬರೆದಿತ್ತು: ಮೂರನೇ ನಂಬರ್, ದವಡೆ ಬಾವು, ನಿನ್ನಿಂದ ದೇಶ ಹಾಳಾಯಿತು. ಟೀವಿಯಲ್ಲಿ ಹಳೆಯ ಆಟಗಾರರು ದವಡೆಯ ಚಿತ್ರ ಹಾಕಿಕೊಂಡು, ಕೋಲಿನಿಂದ ತೋರಿಸುತ್ತ, ಈ ಸಲ ತಂಡದ ಹಿಂಬದಿ ಗಟ್ಟಿ, ಮುಂಬದಿ ಚೂಪು ಎಂದು ವಿಶ್ಲೇಷಿಸುತ್ತಿದ್ದರು. ಅವಳು ಟೀವಿ ಆರಿಸಿದಳು. ಅತ್ತೆ ಮತ್ತೆ ಹಾಕಿದರು.

ಅದೇ ಮಧ್ಯಾಹ್ನ ಐದನೇ ನಂಬರಿನ ಚೀಟಿ ಹಿಡಿದು ಚಿಕ್ಕಪ್ಪ ಒಳಗೆ ಬಂದ. ದೊಡ್ಡ ಕುರ್ಚಿಯ ತುದಿಯಲ್ಲಿ ಕೂತ. ಜಗಳಕ್ಕೆ ಬಂದಿರಬೇಕೆಂದು ಅವಳು ಅಂದುಕೊಂಡಳು.

"ಸುಳ್ಳು ಬರೀರಿ ಅಂತ ಕೇಳೋಕೆ ಬಂದಿಲ್ಲ ಡಾಕ್ಟ್ರೇ," ಎಂದ ಅವನು. "ಹದಿಮೂರು ಹಲ್ಲು ಕಟ್ಟಿಕೊಡೋಕೆ ಎಷ್ಟು ದಿನ ಬೇಕು?"

"ಎರಡು ವಾರ."

"ಇನ್ನು ಮೂರು ದಿನ ಇದೆ."

ಬಾಗಿಲ ಪರದೆ ಸರಿಯಿತು. ಅತ್ತೆ ನಿಂತಿದ್ದರು. "ಮಾಡ್ತಾಳೆ," ಎಂದರು, ಸೊಸೆಯ ಮುಖ ನೋಡದೆ. "ನನ್ನ ಸೊಸೆ ಮನಸ್ಸು ಮಾಡಿದ್ರೆ ಎರಡೇ ದಿನ ಸಾಕು."

ಅವಳು ಉಳಿದ ರೋಗಿಗಳನ್ನೆಲ್ಲ ಮುಂದಿನ ವಾರಕ್ಕೆ ಹಾಕಿದಳು. ಅವನ ಬಾಯಿಯ ಅಚ್ಚು ತೆಗೆದು, ಗಾರೆ ಸುರಿದು, ಮೇಣದಲ್ಲಿ ಹಲ್ಲು ಕೂರಿಸಿ, ಕಚ್ಚಿಸಿ, ತೆಗೆದು, ಉಜ್ಜಿ, ಮತ್ತೆ ಕಚ್ಚಿಸಿದಳು. ಕೆಲಸ ಮಾಡುತ್ತ ಮಾಡುತ್ತ ಅವಳಿಗೆ ಒಂದು ವಿಷಯಕ್ಕೆ ನಾಚಿಕೆಯಾಯಿತು. ಇಪ್ಪತ್ತು ವರ್ಷದ ಕಸುಬಿನಲ್ಲಿ ಅವಳು ಬಾಯಿಗಳಲ್ಲಿ ಏನಿಲ್ಲ ಎಂಬುದನ್ನೇ ಲೆಕ್ಕ ಹಾಕಿದ್ದಳು; ಅದು ಹೇಗೆ ಹೋಯಿತು ಎಂದು ಯಾರನ್ನೂ ಕೇಳಿರಲಿಲ್ಲ. ಈಗ ಕೇಳಿದಳು. ಚಿಕ್ಕಪ್ಪ ಬಾಯಿ ತೆರೆದುಕೊಂಡೇ ಹೇಳಿದ, ಅತ್ತೆ ಬಾಗಿಲಲ್ಲಿ ನಿಂತು ಅರ್ಥ ಬಿಡಿಸಿದರು. ಮೊದಲ ಸಲ ಹಲ್ಲಿನ ಸೆಟ್ಟು ಹಾಕಿ ಕಳಿಸಿದಾಗ ಅವನು 'ಸ' ಎಂದರೆ ಸೀಟಿ ಹೊರಡುತ್ತಿತ್ತು. ಅಭ್ಯಾಸಕ್ಕೆ ಹೋಗಿ "ಪಾಸು ಕೊಡ್ರೋ" ಎಂದು ಕೂಗಿದನಂತೆ, ಮೈದಾನದಲ್ಲಿದ್ದವರೆಲ್ಲ ರೆಫರಿ ಊದಿದ ಎಂದು ನಿಂತುಬಿಟ್ಟರಂತೆ. ಅವಳು ಮುಂದಿನೆರಡು ಹಲ್ಲುಗಳ ಸಂದನ್ನು ಸರಿಪಡಿಸಿ ಸೀಟಿ ನಿಲ್ಲಿಸಿದಳು.

ನಾಲ್ಕನೆಯ ದಿನ ಅವನನ್ನು ಕರೆದುಕೊಂಡು ಸಮಿತಿಯ ಮುಂದೆ ನಿಂತಳು. ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಖುದ್ದಾಗಿ ಎಣಿಸಿದರು. ಮೂವತ್ತೆರಡು. ಆಗ ಒಬ್ಬ ಆಯ್ಕೆಗಾರ, ಈ ಹಲ್ಲುಗಳು ಎಲ್ಲಿಂದ ಬಂದವು ಎಂದು ಕೇಳಿದ. ಹೊರದೇಶದ ಪ್ಯಾಕೆಟ್ಟು ಎಂದು ಅವಳು ಇದ್ದದ್ದು ಇದ್ದ ಹಾಗೆ ಹೇಳಿದಳು. ಸಭೆ ಗಂಭೀರವಾಯಿತು. ರಾಷ್ಟ್ರೀಯ ತಂಡದಲ್ಲಿ ಪರದೇಶದ ಹಲ್ಲು ನಡೆಯುತ್ತದೆಯೇ ಎಂಬ ಪ್ರಶ್ನೆ ಎದ್ದಿತು. ಸಂಘದ ವಕೀಲರಿಗೆ ಫೋನ್ ಹೋಯಿತು. ಅವರು ಹತ್ತು ನಿಮಿಷ ಪುಸ್ತಕ ತಿರುವಿ ಒಂದೇ ಪ್ರಶ್ನೆ ಕೇಳಿದರು. ಅದನ್ನು ಅಧ್ಯಕ್ಷರು ಅವಳಿಗೆ ದಾಟಿಸಿದರು.

"ಈ ಹಲ್ಲುಗಳು ಈ ಹಿಂದೆ ಬೇರೆ ಯಾವುದಾದ್ರೂ ದೇಶದ ಪರವಾಗಿ ಆಡಿವೆಯಾ?"

"ಇಲ್ಲ," ಎಂದಳು ಅವಳು. "ಪ್ಯಾಕೆಟ್ ಒಡೆದಿದ್ದೇ ಮೊನ್ನೆ."

ಹಾಗಾದರೆ ಅಡ್ಡಿಯಿಲ್ಲ ಎಂದರು ವಕೀಲರು. ಈಗ ಇಬ್ಬರಿಗೂ ಮೂವತ್ತೆರಡು, ಸಮ. ಸಮಿತಿ ದಿಕ್ಕೆಟ್ಟು ಕೂತಿತು. ಹೊಳಪು ನೋಡೋಣವೇ ಎಂದ ಒಬ್ಬ. ಬಾಯಿಯ ಅಗಲ ಅಳೆಯೋಣ ಎಂದ ಇನ್ನೊಬ್ಬ. ಕೋಚ್ ತಲೆಯ ಮೇಲೆ ಕೈ ಹೊತ್ತುಕೊಂಡಿದ್ದ. ಎಲ್ಲರೂ ಮತ್ತೆ ಅವಳ ಕಡೆ ನೋಡಿದರು, ಅವಳಿಗೆ ತಡೆಯಲಾಗಲಿಲ್ಲ.

"ಕಿಟಕಿ ಕೆಳಗೇ ಮೈದಾನ ಇದೆ. ಇಬ್ಬರ ಕೈಗೂ ಒಂದು ಚೆಂಡು ಕೊಟ್ಟು ನೋಡಬಾರದಾ?"

"ಕಾಲಿಗೆ," ಎಂದು ಕೋಚ್ ಮೆಲ್ಲಗೆ ತಿದ್ದಿದ.

ಇಂಥ ಸಲಹೆ ಇದುವರೆಗೆ ಬಂದಿರಲಿಲ್ಲ ಎಂದು ಅಧ್ಯಕ್ಷರು ನಡಾವಳಿಯಲ್ಲಿ ಬರೆಸಿದರು. ಕಚೇರಿಯಲ್ಲಿ ಚೆಂಡು ಇರಲಿಲ್ಲ. ಕೊನೆಗೆ ಗಾಜಿನ ಕಪಾಟಿನಲ್ಲಿದ್ದ, ಹಳೆಯ ನಾಯಕರೆಲ್ಲ ಸಹಿ ಹಾಕಿದ್ದ ಚೆಂಡನ್ನು ತೆಗೆದು, ಧೂಳು ಒರೆಸಿ, ಗಾಳಿ ತುಂಬಿಸಿ, ಶಿಬಿರದಲ್ಲಿದ್ದ ಹೊಸ ಫಾರ್ವರ್ಡನನ್ನೂ ಕರೆಸಿ ಕೆಳಗಿಳಿದರು. ತಂತಿ ಬೇಲಿಯ ಆಚೆ ಅತ್ತೆ ಆಗಲೇ ಜಾಗ ಹಿಡಿದಿದ್ದರು.

ಅರ್ಧ ಗಂಟೆ ಆಡಿಸಿದರು. ಆಟ ತಿಳಿಯದ ಅವಳಿಗೂ ತಿಳಿಯಿತು. ಹೊಸ ಫಾರ್ವರ್ಡ್ ಚಿಕ್ಕಪ್ಪನನ್ನು ಆರು ಸಲ ದಾಟಿಹೋದ. ಏಳನೆಯ ಸಲ ಚಿಕ್ಕಪ್ಪ ಅಡ್ಡ ಬಂದ, ಚೆಂಡು ಕಸಿದುಕೊಂಡ, ನಾಲ್ಕು ಹೆಜ್ಜೆ ಓಡಿದ, ನಿಂತ. ಮಂಡಿಯ ಮೇಲೆ ಕೈಯೂರಿಕೊಂಡು ಉಸಿರೆಳೆದ. ಆಮೇಲೆ ಬಾಯಿಂದ ಸೆಟ್ಟು ತೆಗೆದು, ಕರವಸ್ತ್ರದಲ್ಲಿ ಸುತ್ತಿ, ಸಮಿತಿಯವರ ಹತ್ತಿರ ನಡೆದು ಬಂದ.

"ಅವನನ್ನ ಕಳಿಸಿ," ಎಂದ.

ಬೇಲಿಯ ಆಚೆಯಿಂದ ಅತ್ತೆ, ಹುಡುಗನ ಎಡಗಾಲು ಚೆನ್ನಾಗಿದೆ ಎಂದು ಒಪ್ಪಿಕೊಂಡರು, ಯಾರೂ ಕೇಳದಿದ್ದರೂ. ಅಧ್ಯಕ್ಷರು ಮಾತ್ರ ಖುಷಿಯಾಗಿದ್ದರು. ಆಡಿಸಿದರೂ ಅದೇ ಹೆಸರು ಬಂದದ್ದರಿಂದ ಹಲ್ಲಿನ ಪದ್ಧತಿಯೇ ಸರಿ ಎಂದು ಸಾಬೀತಾಯಿತು ಎಂದರು.

ತಂಡ ಹೋಯಿತು. ಒಂದು ಪಂದ್ಯ ಡ್ರಾ ಮಾಡಿಕೊಂಡು, ಎರಡು ಸೋತು, ಹನ್ನೆರಡನೆಯ ದಿನಕ್ಕೆ ವಾಪಸು ಬಂತು. ಮೂರು ಪಂದ್ಯದಲ್ಲಿ ಬಂದ ಒಂದೇ ಗೋಲು ಹೊಸ ಫಾರ್ವರ್ಡನದು. ನಿದ್ದೆಯಲ್ಲಿ ಹಲ್ಲು ಕಡಿಯುವ ಮಿಡ್‌ಫೀಲ್ಡಿನವನಿಗೆ ಮಾತ್ರ ಜೊತೆಗೆ ಮಲಗಲು ಯಾರೂ ಒಪ್ಪದೆ, ಹೋಟೆಲಿನಲ್ಲಿ ಒಂದು ಇಡೀ ಕೋಣೆ ಸಿಕ್ಕಿತಂತೆ.

ಮೂರು ಪಂದ್ಯವನ್ನೂ ಚಿಕ್ಕಪ್ಪ ನೋಡಿದ್ದು ಕ್ಲಿನಿಕ್ಕಿನ ಮುಂದಿನ ಕೋಣೆಯಲ್ಲಿ, ಅತ್ತೆಯ ಪಕ್ಕದ ಕುರ್ಚಿಯಲ್ಲಿ. ಹಲ್ಲಿನ ಸೆಟ್ಟು ಒಂದು ಕಡೆ ಒತ್ತುತ್ತದೆ, ಉಜ್ಜಿಸಿಕೊಂಡು ಹೋಗೋಣವೆಂದು ಬಂದೆ ಎಂದು ಪ್ರತಿ ಸಲವೂ ಹೇಳಿದ. ಒತ್ತುತ್ತಿರಲಿಲ್ಲವೆಂದು ಅವಳಿಗೆ ಗೊತ್ತಿತ್ತು. ಟೂರ್ನಿ ಮುಗಿದ ಮೇಲೂ ಬಂದ. ಕೊನೆಯ ಪಂದ್ಯದಲ್ಲಿ ಆಫ್‌ಸೈಡ್ ಎಂದು ರದ್ದಾದ ಗೋಲಿನ ಬಗ್ಗೆ ಅತ್ತೆಗೂ ಅವನಿಗೂ ಇನ್ನೂ ಇತ್ಯರ್ಥವಾಗಿರಲಿಲ್ಲ.

ಅವಳು ಒಬ್ಬರ ದವಡೆಗೆ ಹತ್ತಿ ತುರುಕಿ, ಮದ್ದು ಹಿಡಿಯಲೆಂದು ಕಾಯುತ್ತಿದ್ದಳು. ಹೊರಗಿನ ವಾದ ಒಳಗೆ ಕೇಳುತ್ತಿತ್ತು. ಅವಳು ಪರದೆ ಸರಿಸಿದಳು.

"ಅಲ್ಲ, ಈ ಆಫ್‌ಸೈಡ್ ಅಂದ್ರೆ ಏನು?"

ಇಬ್ಬರೂ ಒಮ್ಮೆಲೇ ಎದ್ದು ಒಳಗೆ ಬಂದರು. ಅತ್ತೆ ಟ್ರೇಯಲ್ಲಿದ್ದ ಹತ್ತಿಯ ಸುರುಳಿಗಳನ್ನು ಆಟಗಾರರಂತೆ ಸಾಲಾಗಿ ಜೋಡಿಸಿ, ಹಿಂದೆ ಒಂದನ್ನು ಗೋಲ್‌ಕೀಪರ್ ಎಂದು ನಿಲ್ಲಿಸಿದರು. ಚಿಕ್ಕಪ್ಪ ಅದರಲ್ಲೊಂದನ್ನು ಅರ್ಧ ಅಂಗುಲ ಮುಂದೆ ಸರಿಸಿದ. ಅತ್ತೆ ಅವನ ಕೈಗೆ ಹೊಡೆದು ಹಿಂದಕ್ಕಿಟ್ಟರು. ಬಾಯಿ ತುಂಬ ಹತ್ತಿ ಇಟ್ಟುಕೊಂಡು ಮಲಗಿದ್ದ ರೋಗಿ ಇಬ್ಬರ ಮಾತಿಗೂ ಒಪ್ಪಿಗೆಯಿಲ್ಲವೆಂದು ತಲೆಯಾಡಿಸಿ, ತಾನೇ ಕೈ ಚಾಚಿ, ಗೋಲ್‌ಕೀಪರನ್ನು ಎತ್ತಿ ಬೇರೆ ಕಡೆ ಇಟ್ಟ.