ಎರಡು ಹೊತ್ತಿನ ನೀರು

ಮಂಡಿ ಆಪರೇಷನ್‌ಗೆಂದು ಮಗಳ ಮನೆಗೆ ಹೊರಟ ಅಕ್ಕ, ತನ್ನ ಹನ್ನೊಂದು ಕುಂಡಗಳಲ್ಲಿ ಹತ್ತನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಒಂದನ್ನು ಮಾತ್ರ ತಂಗಿಯ ಮನೆಗೆ ತಂದಳು. ಗೇಣುದ್ದವೂ ಇಲ್ಲದ ಗಿಡ್ಡ ಜಾತಿಯ ಸ್ನೇಕ್ ಪ್ಲಾಂಟ್. ಹಸಿರೆಲೆಗೆ ಹಳದಿ ಅಂಚು. ಎಲೆಗಳೆಲ್ಲ ಹಕ್ಕಿಗೂಡಿನ ಹಾಗೆ ಸುತ್ತುಗಟ್ಟಿ ಕೂತಿದ್ದವು. ಹೇಗೆ ಬಿಟ್ಟರೂ ಸಾಯದ ಗಿಡ ಎಂಬ ಧೈರ್ಯ ಅವಳಿಗೆ.

“ಇದಕ್ಕೆ ಏನೂ ಮಾಡಬೇಡ,” ಎಂದಳು. “ಕಿಟಕಿ ಹತ್ರ ಇಡು, ಬಿಸಿಲು ನೇರ ಬೀಳಬಾರದು. ಮಣ್ಣೊಳಗೆ ಬೆರಳು ಹಾಕಿ ನೋಡು, ಪೂರ್ತಿ ಒಣಗಿದ್ರೆ ಮಾತ್ರ ಅರ್ಧ ಲೋಟ ನೀರು. ತಿಂಗಳಿಗೆ ಎರಡು ಸಲ ಆದ್ರೆ ಹೆಚ್ಚು. ಇಷ್ಟೂ ಆಗಲ್ಲ ಅಂದ್ರೆ ಈಗ್ಲೇ ಹೇಳಿಬಿಡು. ನಿನ್ನ ಕೈಗೆ ಕೊಟ್ಟದ್ದು ಯಾವುದು ಉಳಿದಿದೆ ಹೇಳು?”

ತಂಗಿಗೆ ಐವತ್ತಾರು. ಎಂಟನೇ ವಯಸ್ಸಿನಲ್ಲಿ ಅಕ್ಕನ ಪೆನ್ನು ಕಳೆದವಳು, ಇಪ್ಪತ್ತರಲ್ಲಿ ಅಕ್ಕನ ಛತ್ರಿಯನ್ನು ಬಸ್ಸಿನಲ್ಲಿ ಬಿಟ್ಟವಳು. ಆಮೇಲೆ ಅಕ್ಕ ಅವಳ ಕೈಗೆ ಒಂದು ಚಮಚವನ್ನೂ ಕೊಟ್ಟಿರಲಿಲ್ಲ. ಮೂವತ್ತಾರು ವರ್ಷದ ಮೇಲೆ ಸಿಕ್ಕ ಈ ನಂಬಿಕೆಯನ್ನು ಅವಳು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬಳಿ ಇಟ್ಟಳು.

ಅವಳು ಮರೆತದ್ದು ಗಂಡನನ್ನು.

ಗಂಡ ನೀರು ಸರಬರಾಜು ಇಲಾಖೆಯಲ್ಲಿ ವಾಲ್ವ್ ತಿರುಗಿಸುತ್ತಿದ್ದವರು, ಈಗ ನಿವೃತ್ತರು. ಬೀದಿಯವರು ಇಟ್ಟ ಹೆಸರು ವಾಲ್ವಪ್ಪ. ಯಾವ ಬೀದಿಗೆ ಎಷ್ಟು ಹೊತ್ತು ನೀರು ಎಂಬುದು ಅವರ ಕೈಯಲ್ಲಿತ್ತು. ಕೇಳಿದವರಿಗೆ ಸಿಗಲಿಲ್ಲ, ಸಿಕ್ಕವರಿಗೆ ಸಾಲಲಿಲ್ಲ, ಸಾಲದವರು ಬೈಯದೆ ಬಿಡಲಿಲ್ಲ. ಹೀಗೆ ಮೂವತ್ತೊಂದು ವರ್ಷ. ಈಗ ಮನೆಯೊಳಗೇ ಒಬ್ಬ ಗ್ರಾಹಕ ಬಂದು ಕೂತಿದ್ದ. ಖಾಲಿ ಕೊಡ ತಂದು ಕುಕ್ಕುವುದಿಲ್ಲ, ಮೇಲಧಿಕಾರಿಗೆ ಅರ್ಜಿ ಬರೆಯುವುದಿಲ್ಲ. ವಾಲ್ವಪ್ಪನವರ ಎದೆ ತುಂಬಿ ಬಂತು. ಬೆಳಿಗ್ಗೆ ಆರಕ್ಕೆ ಒಂದು ಲೋಟ, ಸಂಜೆ ಆರಕ್ಕೆ ಒಂದು ಲೋಟ. ಇಡೀ ಸರ್ವೀಸಿನಲ್ಲಿ ಯಾವ ಬೀದಿಗೂ ಸಿಗದಿದ್ದ ಭಾಗ್ಯ. ಕೊಡುವವರಿಗೆ ಕೊಟ್ಟ ಗರ್ವ, ಕುಡಿಯುವವರಿಗೆ ಕುಡಿದ ಕರ್ಮ.

“ರೀ, ಅಕ್ಕ ಬೇಡ ಅಂದಿದ್ದಾಳೆ.”

“ನಿಮ್ಮಕ್ಕ ಇಲಾಖೇಲಿ ಇದ್ರಾ?”

ನೀರನ್ನೇ ಆಳಿದವರಿಗೆ ನೀರಿನ ವಿಷಯ ಹೇಳುವುದು ಮೀನಿಗೆ ಈಜು ಕಲಿಸಿದ ಹಾಗೆ ಎಂದುಕೊಂಡಳು.

ಎರಡನೇ ವಾರ ಒಂದು ಎಲೆ ಪೂರ್ತಿ ಹಳದಿಯಾಯಿತು. ವಾಲ್ವಪ್ಪನವರು ಕನ್ನಡಕ ಹಾಕಿಕೊಂಡು ಸ್ಥಳ ಪರಿಶೀಲನೆ ನಡೆಸಿದರು.

“ದೂರು ಬಂದಿದೆ. ಸಾಲ್ತಿಲ್ಲ ಇದಕ್ಕೆ.”

“ಜಾಸ್ತಿ ಆಗಿರಬಹುದಲ್ವಾ?”

“ನನ್ನ ಸರ್ವೀಸಲ್ಲಿ ನೀರು ಜಾಸ್ತಿ ಆಯ್ತು ಅಂತ ಒಂದೇ ಒಂದು ದೂರು ಬಂದಿಲ್ಲ ಕಣೇ.”

ಮಧ್ಯಾಹ್ನಕ್ಕೂ ಒಂದು ಲೋಟ ಮಂಜೂರಾಯಿತು. ಎಲೆಗಳು ಬಾಗಿದವು, ವಿನಯ ಎಂದರು. ಕುಂಡದ ಸುತ್ತ ಸಣ್ಣ ನೊಣ ಹಾರಿದವು. ನೀರಿದ್ದಲ್ಲಿ ಜೀವರಾಶಿ ಸೇರುತ್ತದೆ ಎಂದರು. ಅಕ್ಕ ಫೋನು ಮಾಡಿದಾಗಲೆಲ್ಲ ಹೆಂಡತಿಯ ಕೈಯಿಂದ ಕಸಿದುಕೊಂಡು, “ಪರಿಸ್ಥಿತಿ ಹತೋಟೀಲಿದೆ ಅತ್ತಿಗೆ,” ಎಂದು ವರದಿ ಒಪ್ಪಿಸಿದರು.

ನಾಲ್ಕನೇ ವಾರ ತಂಗಿ ಮುಟ್ಟಿದ್ದೇ ತಡ, ಗಿಡ ಬುಡದಿಂದ ಕಳಚಿ ಕೈಗೆ ಬಂತು. ಬುಡ ಕೊಳೆತ ಬಾಳೆಹಣ್ಣಿನಂತಿತ್ತು, ವಾಸನೆಯೂ. ಅವಳು ನೆಲದ ಮೇಲೆ ಕೂತುಬಿಟ್ಟಳು. ಅಕ್ಕ ಬರಲು ಉಳಿದದ್ದು ನಾಲ್ಕೇ ದಿನ.

ವಾಲ್ವಪ್ಪನವರು ಚಪ್ಪಲಿ ಮೆಟ್ಟಿ ಹೋಗಿ, ನರ್ಸರಿಯಿಂದ ಅದೇ ಅಂಚಿನ, ಅದೇ ಎತ್ತರದ ಗಿಡ ತಂದು ಅಕ್ಕನ ಕುಂಡದಲ್ಲಿ ಒಣ ಮಣ್ಣು ತುಂಬಿಸಿ ನೆಟ್ಟರು.

“ಪೈಪು ಒಡೆದ್ರೆ ಪೈಪು ಬದಲಾಯಿಸ್ತೀವಿ. ಬೀದಿ ಅದೇ ತಾನೇ?”

ತಂಗಿ ಮಾತ್ರ ಕೊಳೆತದ್ದರಲ್ಲಿ ಗಟ್ಟಿ ಉಳಿದಿದ್ದ ಒಂದೇ ಎಲೆಯನ್ನು ಕತ್ತರಿಸಿ, ಗಾಯ ಒಣಗಲು ಮೂರು ದಿನ ಬಿಟ್ಟು, ಹಿಡಿ ಮುರಿದ ಟೀ ಕಪ್ಪಿಗೆ ಮಣ್ಣು ತುಂಬಿ ಚುಚ್ಚಿದಳು. ಯಾಕೆಂದು ಅವಳಿಗೇ ಗೊತ್ತಿರಲಿಲ್ಲ.

ಅಕ್ಕ ಕೋಲೂರಿಕೊಂಡು ಬಂದಳು. ಗಿಡವನ್ನು ಸುತ್ತ ತಿರುಗಿಸಿ ನೋಡಿದಳು. ಮಣ್ಣಿಗೆ ಬೆರಳಿಟ್ಟಳು. ಮುಖ ಅರಳಿತು.

“ಅಂತೂ ನಿನ್ನ ಕೈಲೂ ಒಂದು ಉಳೀತು ಕಣೇ.”

ಮೂವತ್ತಾರು ವರ್ಷ ಕಾದ ಮಾತು. ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ. ಸುಮ್ಮನಿರು ಎಂದು ವಾಲ್ವಪ್ಪನವರು ಕಣ್ಣಿನಲ್ಲೇ ಆಜ್ಞೆ ಮಾಡಿದರು.

“ಅಕ್ಕ, ಅದು ನಿನ್ನದಲ್ಲ. ನಿನ್ನದು ಸತ್ತುಹೋಯ್ತು. ಇದು ಮೊನ್ನೆ ಮೊನ್ನೆ ತಂದದ್ದು.”

ಅಕ್ಕ ಇಬ್ಬರ ಮುಖವನ್ನೂ ನೋಡಿದಳು. “ಯಾರ ಕೆಲಸ?”

“ಅತ್ತಿಗೆ, ತಾಂತ್ರಿಕವಾಗಿ ನೋಡಿದ್ರೆ…” ಎಂದು ಶುರು ಮಾಡಿದರು ವಾಲ್ವಪ್ಪ.

“ಇವರು ಹಾಕ್ತಿದ್ರು, ನಾನು ನೋಡ್ತಿದ್ದೆ. ಇಬ್ರೂ ಸೇರಿ ಕೊಂದ್ವಿ,” ಎಂದು ತಂಗಿ ಕಪ್ಪನ್ನು ತಂದು ಮುಂದಿಟ್ಟಳು. “ನಿನ್ನದರಲ್ಲಿ ಇಷ್ಟು ಉಳಿದಿದೆ. ಬೇರು ಬಿಡುತ್ತೋ ಇಲ್ವೋ ಗೊತ್ತಿಲ್ಲ.”

ಅಕ್ಕ ಆ ಒಂಟಿ ಎಲೆಯನ್ನು ನೋಡುತ್ತಲೇ ಇದ್ದಳು.

“ಸುಳ್ಳು ಹೇಳಿದ್ರೆ ಬೈಯಬಹುದಿತ್ತು. ಈಗ ಅದಕ್ಕೂ ಕಲ್ಲು ಹಾಕಿದೆ.” ಕಪ್ಪನ್ನು ತಂಗಿಯ ಕಡೆಗೇ ಮೆಲ್ಲಗೆ ಸರಿಸಿದಳು. “ಎರಡು ಮೂರು ತಿಂಗಳು ಬೇಕು ಬೇರಿಗೆ. ಎಳೆದು ನೋಡಬೇಡ. ಮರಿ ಬಂದ್ರೂ ಬರೀ ಹಸಿರು ಬರುತ್ತೆ, ಅಂಚು ಬರಲ್ಲ. ಬಂದಾಗ ಹೇಳು, ನೋಡೋಕೆ ಬರ್ತೀನಿ. ಇದು ನಿನ್ನ ಹತ್ರಾನೇ ಇರ್ಲಿ.”

ತಂಗಿ ತಲೆಯಾಡಿಸಿದಳು.

“ಬಾಯಾರ್ತಿದೆ, ಕುಡಿಯೋಕೆ ಒಂದಿಷ್ಟು ನೀರು ಬೇಕಲ್ಲ,” ಎಂದಳು ಅಕ್ಕ.

ವಾಲ್ವಪ್ಪನವರು ಎದ್ದು ನಿಂತರು.

“ನೀವು ಕೂತ್ಕೊಳ್ಳಿ,” ಎಂದರು ಅಕ್ಕತಂಗಿಯರು, ಒಂದೇ ದನಿಯಲ್ಲಿ.