ಐಸ್ ಪ್ಲಾಂಟ್ ಬ್ಯಾಂಡಿಗೆ ಸನ್ಮಾನ

ಮೂರು ವರ್ಷಗಳಲ್ಲಿ ಐಸ್ ಪ್ಲಾಂಟ್ ಬ್ಯಾಂಡಿಗೆ ಹೊದಿಸಿದಷ್ಟು ಶಾಲುಗಳನ್ನು ಉಡುಪಿ ಜಿಲ್ಲೆಯಲ್ಲಿ ಬೇರೆ ಯಾವ ಕಲಾವಿದರಿಗೂ ಹೊದಿಸಿರಲಿಕ್ಕಿಲ್ಲ. ಬ್ಯಾಂಡಿನ ಹಾಡನ್ನು ಮಾತ್ರ ಜಿಲ್ಲೆಯಲ್ಲಿ ಒಬ್ಬರೂ ಪೂರ್ತಿ ಕೇಳಿರಲಿಲ್ಲ.

ಬ್ಯಾಂಡ್ ಎಂದರೆ ಮೂವರು. ಮಲ್ಪೆಯ ಕೀರ್ತನ್ ಸಿಂಥಸೈಜರ್ ನುಡಿಸುತ್ತಿದ್ದ, ಹಾಡು ಕಟ್ಟುತ್ತಿದ್ದ. ಇನ್ನಂಜೆಯ ಮಾನಸ ಹಾಡುತ್ತಿದ್ದಳು. ಸಂತೆಕಟ್ಟೆಯ ಡೆನ್ವರ್ ಎಲೆಕ್ಟ್ರಾನಿಕ್ ಡ್ರಮ್ ಬಾರಿಸುತ್ತಿದ್ದ. ಮಣಿಪಾಲದಲ್ಲಿ ಓದುವಾಗ ಜ್ಯೂಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಶುರುವಾದದ್ದು ಇದು. ಕೀರ್ತನನ ಅಪ್ಪನಿಗೆ ಬಂದರಿನ ಐಸ್ ಪ್ಲಾಂಟಿನಲ್ಲಿ ಪಾಲಿತ್ತು. ಅಲ್ಲಿನ ಕಂಪ್ರೆಸರಿನ ಗುಂಯ್ಯೆನ್ನುವ ಸದ್ದನ್ನು ಫೋನಿನಲ್ಲಿ ಹಿಡಿದು, ಅದನ್ನೇ ಶ್ರುತಿ ಮಾಡಿಕೊಂಡು ಮೊದಲ ಹಾಡು ಕಟ್ಟಿದರು. ಹೆಸರು ‘ಇಳಿತ’, ಸಮುದ್ರ ಹಿಂದೆ ಸರಿಯುವ ಹೊತ್ತಿನ ಹಾಡು. ನಡುವೆ ಒಂದು ಕಡೆ ಎಲ್ಲವೂ ನಿಂತುಹೋಗುತ್ತದೆ. ಹದಿನಾರು ಎಣಿಕೆ ಏನೂ ಇರುವುದಿಲ್ಲ. ಆಮೇಲೆ ಮಾನಸಳ ದನಿಯೊಂದೇ ಬರುತ್ತದೆ. ಕೀರ್ತನನ ಪ್ರಕಾರ ಹಾಡು ಇದ್ದದ್ದೇ ಆ ಖಾಲಿ ಜಾಗದಲ್ಲಿ. ಉಳಿದದ್ದೆಲ್ಲ ಅದರ ಸುತ್ತ ಹಾಕಿದ ಬೇಲಿ.

ಜರ್ಮನಿಯ ಯಾವುದೋ ಇಂಟರ್ನೆಟ್ ರೇಡಿಯೋ ಆ ಹಾಡಿನ ಒಂದು ತುಣುಕನ್ನು ಹಾಕಿತು. ಅದು ಊರಿನ ಪತ್ರಿಕೆಯಲ್ಲಿ ‘ಜರ್ಮನಿಯಲ್ಲಿ ಮೊಳಗಿದ ಮಲ್ಪೆಯ ಪ್ರತಿಭೆ’ ಎಂದು ಬಂತು. ಫೋಟೋದಲ್ಲಿ ಡೆನ್ವರನ ಅರ್ಧ ಮುಖ ಕತ್ತರಿಸಿಹೋಗಿತ್ತು. ಅಲ್ಲಿಂದ ಅವರ ಕಲಾಜೀವನ ಆರಂಭವಾಯಿತು.

ಮೊದಲ ಸನ್ಮಾನ ಕಾಪುವಿನ ಒಂದು ಯುವಕ ಮಂಡಲದ್ದು. ಸನ್ಮಾನದ ಬಳಿಕ ನಿಮ್ಮದೇ ಕಾರ್ಯಕ್ರಮ ಎಂದಿದ್ದರು. ಪ್ರಾರ್ಥನೆ, ಸ್ವಾಗತ, ದೀಪ, ಅಧ್ಯಕ್ಷರು, ಮಾಜಿ ಅಧ್ಯಕ್ಷರು, ಅಭಿನಂದನಾ ಪತ್ರದ ವಾಚನ, ಶಾಲು, ಪೇಟ, ಹಣ್ಣಿನ ಬುಟ್ಟಿ. ಅಷ್ಟರಲ್ಲಿ ಮೈಕಿನ ಪರವಾನಗಿಯ ಹೊತ್ತು ಮುಗಿಯಿತು. ಸಿಂಥಸೈಜರ್ ಕಾರಿನ ಡಿಕ್ಕಿಯಿಂದ ಇಳಿಯಲೇ ಇಲ್ಲ. ಕಲಾವಿದರು ಬೇಸರಿಸಬಾರದು ಎಂದು ಅಧ್ಯಕ್ಷರು ಇನ್ನೊಂದು ಶಾಲು ಹೊದಿಸಿದರು.

ಎಲ್ಲ ಕಡೆಯೂ ಹೀಗೆಯೇ ನಡೆಯಿತು. ಅಭಿನಂದನಾ ಪತ್ರಗಳಲ್ಲಿ ಜರ್ಮನಿ ಮಾತ್ರ ಬೆಳೆಯುತ್ತ ಹೋಯಿತು. ಎರಡನೆಯ ವರ್ಷ ಅವರು ಜರ್ಮನ್ ಸರಕಾರದ ಅತಿಥಿಗಳಾಗಿದ್ದರು. ಮೂರನೆಯ ವರ್ಷ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅವರ ಹಾಡು ಪಠ್ಯವಾಗಿತ್ತು. ಪೇಟ ತೊಟ್ಟು ಕುಳಿತ ಕೀರ್ತನ್ ಇದನ್ನೆಲ್ಲ ಕೇಳಿಸಿಕೊಂಡು ಸುಮ್ಮನಿರುತ್ತಿದ್ದ. ಶಾಲು ಬೇಡ ಎನ್ನುವ ಕ್ರಮ ಈ ಕರಾವಳಿಯಲ್ಲಿಲ್ಲ. ಕರೆಯಲು ಬಂದವನು ಅಪ್ಪನ ಗಿರಾಕಿಯಾಗಿರುತ್ತಾನೆ, ಇಲ್ಲವೇ ಅಮ್ಮನ ತವರಿನ ಕಡೆಯವನಾಗಿರುತ್ತಾನೆ. ಅಮ್ಮ ಶಾಲುಗಳನ್ನು ಮಿಕ್ಸಿಗೆ, ಫ್ರಿಜ್ಜಿಗೆ, ಕೊನೆಗೆ ಸ್ಕೂಟರಿಗೂ ಹೊದಿಸಿದಳು.

ಆ ವರ್ಷ ಡೆನ್ವರನಿಗೆ ಪ್ರವಾಸಿ ಹಡಗಿನ ವಾದ್ಯಗೋಷ್ಠಿಯಲ್ಲಿ ಕೆಲಸ ಸಿಕ್ಕಿತು. ಕ್ರಿಸ್‌ಮಸ್ ಮುಗಿದ ಕೂಡಲೇ ಹೊರಡಬೇಕು. ಅವನು ಹೋದರೆ ಬ್ಯಾಂಡ್ ಮುಗಿದ ಹಾಗೆಯೇ ಎಂದು ಮೂವರಿಗೂ ಗೊತ್ತಿತ್ತು. ಹೋಗುವ ಮೊದಲು ಒಮ್ಮೆ, ಊರ ಜನರ ಎದುರು, ‘ಇಳಿತ’ವನ್ನು ಪೂರ್ತಿ ನುಡಿಸಬೇಕು ಎಂದ ಕೀರ್ತನ್.

“ನುಡಿಸುವ ಮಾರಾಯ,” ಎಂದ ಡೆನ್ವರ್. “ಸನ್ಮಾನದ ಬುಟ್ಟಿಯ ಅನಾನಸು ತಿಂದು ತಿಂದು ನನ್ನ ನಾಲಗೆ ಹೋಯ್ತು.”

ಆಗಲೇ ಕಾರ್ಕಳದಿಂದ ಯಶ್ವಂತ್ ಸನ್ಮಾನಕ್ಕೆ ಕರೆಯಲು ಬಂದ. ಅಲ್ಲಿನ ಒಂದು ಗೆಳೆಯರ ಬಳಗದ ಕಾರ್ಯದರ್ಶಿ, ಬಳಗಕ್ಕೆ ಬೆಳ್ಳಿಹಬ್ಬ. ಕೀರ್ತನ್ ಜೀವಮಾನದಲ್ಲಿ ಮೊದಲ ಬಾರಿ ಷರತ್ತು ಹಾಕಿದ: ಹಾಡು ಮೊದಲು. ಯಶ್ವಂತ್ ಸ್ವಲ್ಪ ಯೋಚಿಸಿ ಒಪ್ಪಿದ. ಆದರೆ ಶಾಲನ್ನು ಬಿಡಲಿಕ್ಕೆ ಆಗುವುದಿಲ್ಲ, ಆಮಂತ್ರಣದಲ್ಲಿ ಅಚ್ಚಾಗಿದೆ ಎಂದ.

ಕೀರ್ತನನಿಗೆ ಭಯವಿದ್ದದ್ದು ನಿರೂಪಕ ಹೆರಾಲ್ಡ್ ಮಾಸ್ತರರದು. ವೇದಿಕೆಯಲ್ಲಿ ಒಂದು ಕ್ಷಣ ಸದ್ದಿಲ್ಲದಿದ್ದರೆ ಅವರಿಗೆ ಉಸಿರು ಕಟ್ಟುತ್ತಿತ್ತು. ಮೈಕ್ ಕೈ ಬದಲಾಗುವ ಸಣ್ಣ ಬಿಡುವಿನಲ್ಲೂ ಅವರು ಶಾಮಿಯಾನದವರನ್ನು, ಐಸ್‌ಕ್ರೀಮಿನವರನ್ನು ನೆನೆದುಬಿಡುತ್ತಿದ್ದರು. ಕೀರ್ತನ್ ಮೊದಲೇ ಹೋಗಿ ಬಿಡಿಸಿ ಹೇಳಿದ: ಹಾಡಿನ ನಡುವೆ ಸ್ವಲ್ಪ ಹೊತ್ತು ಮೌನ ಉಂಟು, ಕರೆಂಟ್ ಹೋದದ್ದಲ್ಲ, ದಯವಿಟ್ಟು ಆಗ ಮೈಕಿಗೆ ಬರಬೇಡಿ. ಮಾಸ್ತರರ ಮುಖ ಗಂಭೀರವಾಯಿತು. ಕೀರ್ತನನ ಭುಜದ ಮೇಲೆ ಕೈಯಿಟ್ಟರು.

“ಅರ್ಥ ಆಯ್ತು. ನಾನು ನೋಡಿಕೊಳ್ಳುತ್ತೇನೆ.”

ಸಂಜೆ ಮೈದಾನದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ತುಂಬಿದ್ದವು. ಹೆಚ್ಚಿನವರು ಬಂದದ್ದು ಕೊನೆಗಿದ್ದ ತುಳು ನಾಟಕಕ್ಕೆ. ಯಶ್ವಂತನ ಮಾತು ಅಲ್ಲಿ ನಡೆಯುತ್ತಿತ್ತೋ ಇಲ್ಲವೋ. ಆದರೆ ಮುಖ್ಯ ಅತಿಥಿಗಳ ಕಾರು ಇನ್ನೂ ಬಂದಿರಲಿಲ್ಲ. ಅವರು ಬರುವ ತನಕ ನೀವು ಬಾರಿಸುತ್ತಿರಿ ಎಂದು ಅಧ್ಯಕ್ಷರು ಹೇಳಿಕಳಿಸಿದರು. ಮೂವರೂ ಓಡಿಹೋಗಿ ವಯರು ಜೋಡಿಸಿದರು.

ಹೆರಾಲ್ಡ್ ಮಾಸ್ತರರು ಮೈಕಿಗೆ ಬಂದರು. ಬಳಗದ ಇಪ್ಪತ್ತೈದು ವರ್ಷಗಳ ಹಾದಿಯಲ್ಲಿ ನಮ್ಮನ್ನು ಅಗಲಿದವರೆಲ್ಲರಿಗೂ ಈ ಹಾಡಿನ ಮೂಲಕ ನಮನ ಎಂದರು. “ನಡುವೆ ವಾದ್ಯ ನಿಂತ ಕೂಡಲೇ ಎಲ್ಲರೂ ಎದ್ದು ನಿಂತು ಮೌನಾಚರಣೆ ಮಾಡಬೇಕಾಗಿ ವಿನಂತಿ.”

ಕೀರ್ತನ್ ಬಾಯಿ ತೆರೆದ. ಅಷ್ಟರಲ್ಲಿ ಡೆನ್ವರ್ ಕೋಲು ತಟ್ಟಿ ಎಣಿಸಿಯಾಗಿತ್ತು.

ಕಂಪ್ರೆಸರಿನ ಸದ್ದು ಮೈದಾನದಲ್ಲಿ ಹರಡಿದಾಗ ಮುಂದಿನ ಸಾಲಿನವರು ಜನರೇಟರ್ ಎಂದುಕೊಂಡು ಹಿಂತಿರುಗಿ ನೋಡಿದರು. ಮಾನಸ ಹಾಡಿದಳು. ಆಮೇಲೆ ಎಲ್ಲ ನಿಂತಿತು. ಕುರ್ಚಿಗಳು ಒಮ್ಮೆ ಕರಕರ ಎಂದವು. ಇಡೀ ಮೈದಾನ ತಲೆ ತಗ್ಗಿಸಿ ನಿಂತಿತು. ಆಗಲೇ ಗೇಟಿನೊಳಗೆ ಬಂದ ಮುಖ್ಯ ಅತಿಥಿಗಳು, ಜನ ಎದ್ದದ್ದು ತಮಗೇ ಎಂದುಕೊಂಡು ಕೈ ಮುಗಿದರು. ತಗ್ಗಿದ ತಲೆಗಳನ್ನು ಕಂಡು ಕೈ ಇಳಿಸಿ, ಅಲ್ಲೇ ನಿಂತರು. ಒಂದು ಮಗು ಏನೋ ಕೇಳಿತು. ಯಾರೋ ಅದರ ಬಾಯಿಗೆ ಕೈ ಅಡ್ಡ ಹಿಡಿದರು. ಮತ್ತೆ ಏನೂ ಇಲ್ಲ. ಕೋಣೆಯಲ್ಲಿ ಇಯರ್‌ಫೋನ್ ಹಾಕಿ ಎಷ್ಟೋ ಸಲ ಕೇಳಿಸಿಕೊಂಡ ಆ ಜಾಗ ಇಷ್ಟು ದೊಡ್ಡದು ಎಂದು ಕೀರ್ತನನಿಗೆ ಗೊತ್ತಿರಲಿಲ್ಲ. ಅವನು ಎಣಿಸುವುದನ್ನು ಮರೆತ. ಮಾನಸ ಮರೆಯಲಿಲ್ಲ, ಹದಿನಾರಕ್ಕೆ ಸರಿಯಾಗಿ ಅವಳ ದನಿ ಬಂತು. ಕುಳಿತುಕೊಳ್ಳಿ ಎಂದು ಯಾರೂ ಹೇಳಲಿಲ್ಲವಾದ್ದರಿಂದ ಜನ ಕೊನೆಯ ತನಕ ನಿಂತೇ ಕೇಳಿದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೌನಾಚರಣೆಗೆ ಚಪ್ಪಾಳೆ ಹೊಡೆಯುವ ಪದ್ಧತಿಯಿಲ್ಲ. ಶಾಲು, ಪೇಟ, ಬುಟ್ಟಿ ಆಮಂತ್ರಣದ ಪ್ರಕಾರ ಬಂದವು.

ವಯರು ಸುತ್ತುತ್ತಿದ್ದಾಗ ವೇದಿಕೆಯ ಹಿಂದೆ ವಯಸ್ಸಾದ ಒಬ್ಬ ಹೆಂಗಸು ಬಂದು ನಿಂತಳು. ಹೆಸರು ಅಪ್ಪಿ ಎಂದು ತಾನೇ ಹೇಳಿದಳು. ಕಣ್ಣು ಕೆಂಪಾಗಿತ್ತು. ವೇದಿಕೆಯಿಂದ ಇಳಿದವರು ಎಂದೋ ಏನೋ, ತುಳು ಬಿಟ್ಟು ಕನ್ನಡದಲ್ಲೇ ಕೇಳಿದಳು. “ನಿಮ್ಮ ಮನೆಯಲ್ಲಿ ಯಾರು ತೀರಿಹೋದದ್ದು?”

ಮಾನಸ ಕೀರ್ತನನ ಕಾಲು ತುಳಿದಳು. ಏನಾದರೂ ಒಂದು ಹೇಳಿ ಮುಗಿಸು ಎಂದು ಅದರ ಅರ್ಥ. ಮೂರು ವರ್ಷ ತನ್ನ ಬಗ್ಗೆ ಇತರರು ಓದಿದ ಸುಳ್ಳುಗಳ ಎದುರು ಪೇಟ ತೊಟ್ಟು ಕುಳಿತವನಿಗೆ ಇದೊಂದು ಸುಳ್ಳು ಭಾರವಾಗಬಾರದಿತ್ತು.

“ಯಾರೂ ಇಲ್ಲ ಅಕ್ಕ,” ಎಂದ ಕೀರ್ತನ್. “ಮಾಸ್ತರರು ತಪ್ಪು ತಿಳಿದದ್ದು. ಅದು ಮೌನಾಚರಣೆ ಅಲ್ಲ, ಹಾಡೇ ಹಾಗೆ.”

ಅಪ್ಪಿಗೆ ಸಿಟ್ಟು ಬರಲಿಲ್ಲ. ತನ್ನ ತಮ್ಮ ಶೀನನಿಗೆ ಪದ್ಯ, ಹಾಡು ಎಂದರೆ ಆಗುತ್ತಿರಲಿಲ್ಲ, ಎಲ್ಲಾದರೂ ಮೈಕ್ ಹಾಕಿದರೆ ಎದ್ದು ಗದ್ದೆಯ ಕಡೆಗೆ ಹೋಗಿಬಿಡುತ್ತಿದ್ದ, ಅವನು ತೀರಿಹೋಗಿ ಈ ಮಳೆಗಾಲಕ್ಕೆ ವರ್ಷವಾಯಿತು ಎಂದಳು.

“ಇದನ್ನಾದರೆ ಕೂತು ಕೇಳುತ್ತಿದ್ದನೋ ಏನೋ. ನಿಮಗೆ ಯಾರೂ ಇಲ್ಲದಿದ್ದರೆ ಅವನಿಗೆ ಅಂತ ಇಟ್ಟುಕೊಳ್ಳಿ. ಸುಮ್ಮನೆ ಖಾಲಿ ಎಂತಕ್ಕೆ ಬಿಡುವುದು.”

ಕೀರ್ತನ್ ಆಗಲಿ ಎಂದ. ಅಷ್ಟರಲ್ಲಿ ನಾಟಕದ ಗಂಟೆ ಹೊಡೆಯಿತು. ತನ್ನ ಕುರ್ಚಿ ಹೋದೀತೆಂದು ಅಪ್ಪಿ ಸೆರಗು ಸಿಕ್ಕಿಸಿ ಜನರ ನಡುವೆ ನುಗ್ಗಿದಳು.